ಪಿಂಚಣಿ

ಇಂಗ್ಲಿಷಿನ ‘ಪೆನ್ಷನ್’ ಕನ್ನಡಿಗರ ಬಾಯಲ್ಲಿ ‘ಪಿಂಚಣಿ’ಯಾಯಿತು. ಲ್ಯಾಟಿನ್ ಮೂಲ ‘ಪೆಂಡೆರೆ’ಗೆ ತೂಗುವುದು, ತೂಗಿ ಸಲ್ಲಿಸುವುದು ಎಂಬ ಅರ್ಥ. ಹಾಗಾಗಿ ಇದು ದಾನವಲ್ಲ, ದುಡಿಮೆಯ ತೂಕಕ್ಕೆ ಸಲ್ಲುವ ಹಕ್ಕು. ಸುಪ್ರೀಂ ಕೋರ್ಟಿನ 1982ರ ನಕಾರಾ ಪ್ರಕರಣದ ತೀರ್ಪಿನ ಸಾರವೂ ಇದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಿಂದ ಬೆಳೆದು, 2020ರವರೆಗೆ ಇದ್ದ ಸಿಂಡಿಕೇಟ್ ಬ್ಯಾಂಕಿನ ಸೀಮೆಯಲ್ಲಿ, ಕಾಪು, ಕಾರ್ಕಳದ ಮನೆಗಳಲ್ಲೂ ‘ಪಿಂಚಣಿ’ ಬಳಕೆಯ ಮಾತು.

ಪಿಂಚಣಿ ಹಕ್ಕೇ ಆದರೂ, ಶಿಕ್ಷೆಯಾಗಿ ಕಡ್ಡಾಯ ನಿವೃತ್ತಿ ಹೊಂದಿದವರಿಗೆ ಪಿಂಚಣಿ ಏಕೆ ಎಂಬ ಆಕ್ಷೇಪವಿದೆ. ತಪ್ಪಿಗೆ ಶಿಕ್ಷೆ ಬೇಕು, ನಿಜ. ಆದರೆ ವಜಾಗೊಂಡರೆ ಹಿಂದಿನ ಸೇವೆಯೇ ಅಳಿಯುತ್ತದೆ. ಕಡ್ಡಾಯ ನಿವೃತ್ತಿಯಲ್ಲಿ ಹಾಗಲ್ಲ. ಬ್ಯಾಂಕ್ ನೌಕರರ 1995ರ ಪಿಂಚಣಿ ನಿಯಮಾವಳಿಯ 33ನೇ ನಿಯಮದಂತೆ, ಅರ್ಹರಿಗೆ ಪೂರ್ಣ ಪಿಂಚಣಿಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗದಷ್ಟು ನೀಡಬಹುದು. ಆ ‘ಬಹುದು’ ಎಂಬ ಮಾತೇ ವ್ಯಾಜ್ಯಕ್ಕೆ ಎಡೆ. ತೂಗುವವರು ತಪ್ಪನ್ನಷ್ಟೇ ಅಲ್ಲ, ದುಡಿದ ವರ್ಷಗಳನ್ನೂ ತಕ್ಕಡಿಗೆ ಹಾಕಬೇಕು.