ಒನಕೆಯಿಂದ ರಬ್ಬರ್ ಉರುಳೆಗೆ: ಬಳ್ಳಾರಿ ಸೀಮೆಯ ಅಕ್ಕಿ ಉದ್ಯಮದಲ್ಲಿ ತಂತ್ರಜ್ಞಾನದ ಮೂಲಗಳು

ಆಹಾರೋದ್ಯಮದ ಇತಿಹಾಸಕಾರರು ಸಾಮಾನ್ಯವಾಗಿ ಯಂತ್ರದ ಹೆಸರನ್ನೂ ಅದು ಊರಿಗೆ ಬಂದ ವರ್ಷವನ್ನೂ ದಾಖಲಿಸಿ ಮುಂದೆ ಸಾಗುತ್ತಾರೆ. ಯಂತ್ರಕ್ಕಿಂತ ಮೊದಲೇ ಆ ಕೆಲಸ ಬಲ್ಲವರಾಗಿದ್ದ ಹೆಂಗಸರ ಹಾಗೂ ಕೂಲಿಕಾರರ ತಿಳಿವಳಿಕೆಗೆ ಅಲ್ಲಿ ಸ್ಥಾನವಿರುವುದಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಅಕ್ಕಿ ಉದ್ಯಮದ ವಿಷಯದಲ್ಲಿಯೂ ಹೀಗೆಯೇ ಆಗಿದೆ.

ಈ ಸೀಮೆಗೆ ಭತ್ತ ಹೊಸದಲ್ಲ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ನದೀತೀರದಲ್ಲಿ ನೆಲ್ಲು ಬೆಳೆಸಿದ್ದವು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿದ ಮೇಲೆ ಗದ್ದೆ ವಿಸ್ತರಿಸಿತು, ಗಿರಣಿಗಳು ಅದನ್ನು ಹಿಂಬಾಲಿಸಿದವು.

ಮನೆಯ ಒರಳಿನಲ್ಲಿ ಅಕ್ಕಿ ಮಾಡುವ ಕೆಲಸ ಒಂದೇ ಏಟಿನದಾಗಿರಲಿಲ್ಲ. ಮೊದಲು ಕುಟ್ಟಿ ಮೊರದಲ್ಲಿ ಕೇರಿ ಹೊಟ್ಟನ್ನು ಬೇರ್ಪಡಿಸಬೇಕು; ಅನಂತರ ತಳಿಸಿ ತೌಡನ್ನು ತೆಗೆಯಬೇಕು. ಹೊಟ್ಟು ಒಲೆಗೆ, ತೌಡು ದನಕ್ಕೆ, ನುಚ್ಚು ಗಂಜಿಗೆ ಸಲ್ಲುತ್ತಿತ್ತು. 1880ರ ದಶಕದಲ್ಲಿ ಬ್ರೆಜಿಲ್‌ನ ಎಂಗೆಲ್‌ಬರ್ಗ್ ರೂಪಿಸಿದ ಹಲ್ಲರ್ ಯಂತ್ರ ಭಾರತದಲ್ಲೆಲ್ಲ ಹರಡಿದಾಗ ಈ ವಿವೇಕ ಮರೆಯಾಯಿತು. ಅದು ಹೊಟ್ಟನ್ನೂ ತೌಡನ್ನೂ ಒಮ್ಮೆಗೇ ಉಜ್ಜಿ ಬೆರೆಸಿಬಿಡುತ್ತಿತ್ತು, ನುಚ್ಚೂ ಹೆಚ್ಚು. ವೇಗದ ದೃಷ್ಟಿಯಿಂದ ಅದು ಮುನ್ನಡೆ, ಕಾಳಿನ ದೃಷ್ಟಿಯಿಂದ ಹಿನ್ನಡೆಯೆಂದೇ ಹೇಳಬೇಕು.

ಎದುರುಬದುರಾಗಿ, ಭಿನ್ನ ವೇಗದಲ್ಲಿ ತಿರುಗುವ ರಬ್ಬರ್ ಉರುಳೆಗಳ ಯಂತ್ರ ಮೊದಲು ಹೊಟ್ಟನ್ನಷ್ಟೇ ಸುಲಿಯುತ್ತದೆ. ಪಾಲಿಶ್ ಮಾಡುವುದು ಬೇರೆ ಯಂತ್ರದ ಕೆಲಸ. ಅಂದರೆ ಕುಟ್ಟುವುದು ಮತ್ತು ತಳಿಸುವುದು ಎಂಬ ಎರಡು ಹಂತಗಳು ಮತ್ತೆ ಬೇರೆಯಾದವು. ಯಂತ್ರ ತಯಾರಕರು ಒನಕೆಯನ್ನು ಅನುಕರಿಸಿದರೆಂದು ಇದರಿಂದ ವಾದಿಸುವಂತಿಲ್ಲ. ಕಾಳಿನ ಸ್ವಭಾವವೇ ಇಬ್ಬರನ್ನೂ ಒಂದೇ ಕ್ರಮಕ್ಕೆ ತಂದಿತೆನ್ನಬಹುದು. 1958ರ ಅಕ್ಕಿ ಗಿರಣಿ ನಿಯಂತ್ರಣ ಕಾಯಿದೆಯೂ ಮುಂದಿನ ಆಧುನೀಕರಣ ನಿಯಮಗಳೂ ಈ ಬದಲಾವಣೆಗೆ ಒತ್ತಾಸೆಯಾದವು. ಸೋನಾ ಮಸೂರಿಯಂಥ ಸಣ್ಣ ಕಾಳು ಮುರಿಯದಿರಬೇಕೆಂಬ ಪೇಟೆಯ ಬೇಡಿಕೆಯೂ, ಶುದ್ಧ ತೌಡು ಬೇಕಾದ ಎಣ್ಣೆ ಕಾರ್ಖಾನೆಗಳೂ ಇದರ ಹಿಂದಿದ್ದವು. ಆದರೆ ಒನಕೆ ಹಿಡಿದ ಹೆಂಗಸರ ಕೂಲಿ ಮಾತ್ರ ಮರಳಲಿಲ್ಲ.

ಮಂಡಕ್ಕಿ ಭಟ್ಟಿಯ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಒಗ್ಗರಣೆ–ಮಿರ್ಚಿಯಿಲ್ಲದೆ ಬೆಳಗಾಗದ ಬಳ್ಳಾರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುದಿಸಿದ ಭತ್ತದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಒಣಗಿಸಿ, ಕಾದ ಮರಳಿನಲ್ಲಿ ಅರಳಿಸುವ ಈ ವಿದ್ಯೆ ಯಾವ ಪ್ರಯೋಗಾಲಯದಲ್ಲಿಯೂ ಹುಟ್ಟಿದ್ದಲ್ಲ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಚಿನ್ನಸ್ವಾಮಿ ಮತ್ತು ಭಟ್ಟಾಚಾರ್ಯ ಅವರು 1980ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಸುಮಾರು ಶೇ. 11ರಷ್ಟು ತೇವ, 250 ಡಿಗ್ರಿ ಸೆಲ್ಸಿಯಸ್ ಕಾವು, ಹತ್ತು–ಹನ್ನೊಂದು ಸೆಕೆಂಡು. ಇಷ್ಟಿದ್ದರೆ ಕಾಳು ಚೆನ್ನಾಗಿ ಅರಳುತ್ತದೆ. ಭಟ್ಟಿಯವನು ಹಿಡಿಯಷ್ಟು ಅಕ್ಕಿಯನ್ನು ಮರಳಿಗೆ ಎಸೆದು ಅದು ಅರಳುವ ಬಗೆಯಿಂದಲೇ ಈ ಹದವನ್ನು ನಿರ್ಣಯಿಸುತ್ತಾನೆ. ಅವನ ಒಲೆಯಲ್ಲಿ ಉರಿಯುವುದು ಗಿರಣಿಯ ಹೊಟ್ಟು.