ಬ್ಯಾಟ್‌ಮನ್‌ನನ್ನು ಹುಟ್ಟಿಸಿದ ಎರಡನೇ ಹೆಸರು: ಕಾಮಿಕ್ಸ್ ಹುಚ್ಚಿನ ಮೇಷ್ಟ್ರೊಬ್ಬರ ಪತ್ರಿಕೆಯ ಕಥೆ

ಬ್ಯಾಟ್‌ಮನ್ ನಮ್ಮ ಹಳ್ಳಿಗಳಿಗೂ ಹೊಸಬನಲ್ಲ. ಮಕ್ಕಳ ಸ್ಕೂಲ್ ಬ್ಯಾಗಿನ ಮೇಲೆ ಇದ್ದಾನೆ, ಜಾತ್ರೆಯಲ್ಲಿ ಮಾರುವ ಮುಖವಾಡದಲ್ಲೂ ಇದ್ದಾನೆ. ಆದರೆ ಅವನನ್ನು ಸೃಷ್ಟಿಸಿದವರು ಯಾರು ಎಂದು ಕೇಳಿದರೆ, 2015ರವರೆಗೂ ಸಿನಿಮಾ, ಟಿ.ವಿ., ಪುಸ್ತಕ ಎಲ್ಲದರಲ್ಲೂ ಸಿಗುತ್ತಿದ್ದ ಉತ್ತರ ಒಂದೇ: ಬಾಬ್ ಕೇನ್. ಇನ್ನೊಬ್ಬರ ಹೆಸರು ಅಲ್ಲಿ ಇರಲೇ ಇಲ್ಲ. ಅವರು ಬಿಲ್ ಫಿಂಗರ್.

ಆ ಹೆಸರು ಪೂರ್ತಿ ಮರೆತುಹೋಗದಂತೆ ಕಾಗದದ ಮೇಲೆ ಉಳಿಸಿದವರಲ್ಲಿ ಮುಖ್ಯರಾದವರು ವಕೀಲರಲ್ಲ, ದೊಡ್ಡ ಪತ್ರಕರ್ತರೂ ಅಲ್ಲ. ಚಿಕ್ಕಂದಿನಿಂದ ಕಾಮಿಕ್ಸ್ ಓದುವ ಹುಚ್ಚಿದ್ದ ಒಬ್ಬ ಕಾಲೇಜು ಮೇಷ್ಟ್ರು. ಹೆಸರು ಜೆರ್ರಿ ಬೇಲ್ಸ್.

ಹತ್ತು ಸೆಂಟಿನ ಪುಸ್ತಕ

ಬೇಲ್ಸ್ ಹುಟ್ಟಿದ್ದು 1933ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ. ಅವರಿಗೆ ಐದು ವರ್ಷವಾಗುವ ಹೊತ್ತಿಗೆ, 1938ರಲ್ಲಿ, ಸೂಪರ್‌ಮ್ಯಾನ್ ಬಂದ. ಮರುವರ್ಷ ಬ್ಯಾಟ್‌ಮನ್ ಬಂದ. ಒಂದು ಕಾಮಿಕ್ಸ್ ಪುಸ್ತಕದ ಬೆಲೆ ಆಗ 10 ಸೆಂಟ್. ಸಣ್ಣ ಹುಡುಗರ ಕೈಗೂ ಎಟುಕುವ ದುಡ್ಡು.

ಹುಡುಗನ ಮನಸ್ಸು ಕದ್ದದ್ದು 'ಆಲ್ ಸ್ಟಾರ್ ಕಾಮಿಕ್ಸ್'. ಬೇರೆ ಬೇರೆ ಪುಸ್ತಕಗಳ ವೀರರೆಲ್ಲ ಒಂದೇ ಮೇಜಿನ ಸುತ್ತ ಕೂತು, ಒಂದು ತಂಡವಾಗಿ ಹೋರಾಡುವ ಕಥೆಗಳು ಅದರಲ್ಲಿ 1940ರಿಂದ ಬರುತ್ತಿದ್ದವು. ತಂಡದ ಹೆಸರು 'ಜಸ್ಟಿಸ್ ಸೊಸೈಟಿ'. ಈಗ ಹತ್ತು ಹೀರೋಗಳು ಒಂದೇ ಸಿನಿಮಾದಲ್ಲಿ ಬರುವುದನ್ನು ನೋಡುತ್ತೇವಲ್ಲ, ಆ ರೀತಿಯ ಕಥೆಯ ಬೇರು ಅಲ್ಲಿದೆ.

1951ರಲ್ಲಿ ಆ ಪುಸ್ತಕ 57ನೇ ಸಂಚಿಕೆಗೆ ನಿಂತಿತು. ಮುಂದಿನ ಸಂಚಿಕೆಯಿಂದ ಅದೇ ಜಾಗದಲ್ಲಿ ಕುದುರೆ ಸವಾರರ ಕೌಬಾಯ್ ಕಥೆಗಳು ಬಂದವು. ಬೇಲ್ಸ್ ಆಗ ಹದಿಹರೆಯ ದಾಟುತ್ತಿದ್ದರು. ಬೇರೆ ಹುಡುಗರಾಗಿದ್ದರೆ ಅಲ್ಲಿಗೆ ಮರೆತುಬಿಡುತ್ತಿದ್ದರೇನೋ. ಇವರು ಮರೆಯಲಿಲ್ಲ. ಕಂಪನಿಗೆ ಕಾಗದದ ಮೇಲೆ ಕಾಗದ ಬರೆದರು, ಹಳೆಯ ಸಂಚಿಕೆಗಳನ್ನು ಹುಡುಕತೊಡಗಿದರು.

ಹುಡುಕುವುದು ಸುಲಭವಿರಲಿಲ್ಲ. ಓದಿದ ಮೇಲೆ ಕಾಮಿಕ್ಸ್ ರದ್ದಿಗೆ ಹೋಗುತ್ತಿತ್ತು, ಗ್ರಂಥಾಲಯಗಳು ಇಡುತ್ತಿರಲಿಲ್ಲ. 1954ರಲ್ಲಿ ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯರು, ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂದು ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ, ತಮ್ಮ ಮೇಲೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡರು. ಅಂಥ ಕಾಲದಲ್ಲಿ ದೊಡ್ಡವರೊಬ್ಬರು 'ನಾನು ಕಾಮಿಕ್ಸ್ ಓದುತ್ತೇನೆ' ಎಂದು ಹೇಳಿಕೊಳ್ಳುವುದು ನಾಚಿಕೆಯ ವಿಷಯವೇ ಆಗಿತ್ತು.

ಹೆಸರಿಲ್ಲದ ಕೆಲಸ

ಇನ್ನೊಂದು ತೊಂದರೆಯಿತ್ತು. ಆ ಕಾಲದ ಎಷ್ಟೋ ಕಾಮಿಕ್ಸ್‌ನಲ್ಲಿ ಕಥೆ ಬರೆದವರ ಹೆಸರೇ ಇರುತ್ತಿರಲಿಲ್ಲ. ಬರೆದವರಿಗೆ ಪುಟಕ್ಕಿಷ್ಟು ಎಂದು ಕೂಲಿ ಕೊಟ್ಟರೆ ಮುಗಿಯಿತು. ಪಾತ್ರದ ಮೇಲಿನ ಹಕ್ಕು ಕಂಪನಿಯದ್ದು. ಸೂಪರ್‌ಮ್ಯಾನ್ ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅದರ ಹಕ್ಕನ್ನು ಬಿಟ್ಟುಕೊಟ್ಟದ್ದು 130 ಡಾಲರಿಗೆ.

ತಾನು ಪ್ರೀತಿಸಿದ ಕಥೆಗಳನ್ನು ಬರೆದವರು ಯಾರು? ಈ ಪ್ರಶ್ನೆ ಬೇಲ್ಸ್ ಅವರನ್ನು ಬಿಡಲಿಲ್ಲ. ಜಸ್ಟಿಸ್ ಸೊಸೈಟಿಯ ಕಥೆಗಳನ್ನು ಬರೆಯುತ್ತಿದ್ದ ಗಾರ್ಡನರ್ ಫಾಕ್ಸ್ ಅವರ ಪತ್ತೆ ಹಚ್ಚಿ, ಅವರೊಂದಿಗೆ ಪತ್ರ ವ್ಯವಹಾರ ಶುರು ಮಾಡಿದರು. ಕೊನೆಗೆ ಫಾಕ್ಸ್ ತಮ್ಮ ಬಳಿ ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದ ಹಳೆಯ ಆಲ್ ಸ್ಟಾರ್ ಸಂಚಿಕೆಗಳನ್ನೇ ಅವರಿಗೆ ಮಾರಿದರು.

ಸ್ವಲ್ಪ ದಿನಕ್ಕೆ ರಾಯ್ ಥಾಮಸ್ ಎಂಬ ಕಾಲೇಜು ಹುಡುಗ ಅದೇ ಪುಸ್ತಕ ಕೇಳಿಕೊಂಡು ಫಾಕ್ಸ್ ಅವರಿಗೆ ಬರೆದ. ಈಗಾಗಲೇ ಬೇಲ್ಸ್ ಅವರಿಗೆ ಮಾರಿಬಿಟ್ಟೆ ಎಂದು ಉತ್ತರ ಬಂತು. ಹುಡುಗ ಬೇಲ್ಸ್ ಅವರಿಗೇ ಪತ್ರ ಹಾಕಿದ. ಅದು 1960ರ ನವೆಂಬರ್. ತನ್ನಂಥ ಇನ್ನೊಬ್ಬ ಹುಚ್ಚ ಇದ್ದಾನೆ ಎಂಬುದೇ ಇಬ್ಬರಿಗೂ ದೊಡ್ಡ ಸಂತೋಷ.

ನೇರಳೆ ಅಕ್ಷರದ ಪತ್ರಿಕೆ

ಬೇಲ್ಸ್ ಆ ವೇಳೆಗೆ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1961ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೋಗಿ ಡಿ.ಸಿ. ಕಾಮಿಕ್ಸ್ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅವರನ್ನು ಕಂಡರು. ಹಳೆಯ ವೀರರನ್ನು ಹೊಸ ವೇಷದಲ್ಲಿ ಮತ್ತೆ ತರುತ್ತಿದ್ದವರು ಈ ಶ್ವಾರ್ಟ್ಸ್. ಅವರೂ ಒಂದು ಕಾಲದ ಅಭಿಮಾನಿಯೇ. 1932ರಲ್ಲಿ ಗೆಳೆಯರೊಂದಿಗೆ ಸೇರಿ ವಿಜ್ಞಾನ ಕಥೆಗಳ ಬಗ್ಗೆ 'ದಿ ಟೈಮ್ ಟ್ರಾವೆಲರ್' ಎಂಬ ಕಿರುಪತ್ರಿಕೆ ಹೊರಡಿಸಿದ್ದರು. ಅಭಿಮಾನಿಗಳು ತಮ್ಮ ಖರ್ಚಿನಲ್ಲಿ ತಾವೇ ಅಚ್ಚು ಮಾಡಿ ಹಂಚುವ ಇಂಥ ಪತ್ರಿಕೆಗಳಿಗೆ 'ಫ್ಯಾನ್‌ಜಿನ್' ಎನ್ನುತ್ತಾರೆ. ಅವುಗಳ ಕೆಲವು ಮಾದರಿಗಳನ್ನು ಶ್ವಾರ್ಟ್ಸ್ ಬೇಲ್ಸ್ ಅವರಿಗೆ ತೋರಿಸಿದರು.

ಅಷ್ಟು ಸಾಕಾಯಿತು. ಡೆಟ್ರಾಯಿಟ್‌ಗೆ ಮರಳಿದ ಬೇಲ್ಸ್ ಅದೇ ಮಾರ್ಚ್ ತಿಂಗಳಲ್ಲಿ 'ಆಲ್ಟರ್ ಈಗೋ' ಎಂಬ ಪತ್ರಿಕೆಯ ಮೊದಲ ಸಂಚಿಕೆ ತಂದರು. ಅದರಲ್ಲಿ ರಾಯ್ ಥಾಮಸ್ ಬರೆದ ಒಂದು ಅಣಕು ಕಾಮಿಕ್ಸ್ ಕೂಡ ಇತ್ತು.

ಅಚ್ಚಾದದ್ದು ಪ್ರೆಸ್ಸಿನಲ್ಲಲ್ಲ, ಸ್ಪಿರಿಟ್ ಡೂಪ್ಲಿಕೇಟರ್ ಎಂಬ ಸಣ್ಣ ಯಂತ್ರದಲ್ಲಿ. ನಮ್ಮ ಶಾಲೆಗಳ ಹಳೆಯ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ ನೆನಪಿದ್ದವರಿಗೆ ಅದರ ದಾಯಾದಿ ಎಂದರೆ ಅರ್ಥವಾದೀತು. ಮೇಣ ಬೆರೆತ ನೇರಳೆ ಬಣ್ಣದ ಕಾರ್ಬನ್ ಹಾಳೆಯ ಮೇಲೆ ಇನ್ನೊಂದು ಹಾಳೆ ಇಟ್ಟು ಟೈಪ್ ಮಾಡಬೇಕು. ಮೇಲಿನ ಹಾಳೆಯ ಬೆನ್ನಿಗೆ ಅಕ್ಷರಗಳು ತಿರುಗುಮುರುಗಾಗಿ ಅಂಟುತ್ತವೆ. ಅದನ್ನು ಯಂತ್ರದ ಉರುಳೆಗೆ ಸುತ್ತಿ, ಸ್ಪಿರಿಟ್ ಸವರಿದ ಖಾಲಿ ಹಾಳೆಗಳನ್ನು ಒಂದೊಂದಾಗಿ ಹಾಯಿಸಿದರೆ ನೇರಳೆ ಅಕ್ಷರ ಮೂಡುತ್ತದೆ. ಪ್ರತಿ ಹಾಳೆಗೂ ಸ್ವಲ್ಪ ಬಣ್ಣ ಹೋಗುವುದರಿಂದ ಪ್ರತಿಗಳು ಬರಬರುತ್ತ ಮಂಕಾಗುತ್ತವೆ. ಸಾವಿರಗಟ್ಟಲೆ ತೆಗೆಯುವ ಮಾತೇ ಇಲ್ಲ.

ಯಾರಿಗೆ ಕಳಿಸುವುದು? ಕಾಮಿಕ್ಸ್‌ನ ಓದುಗರ ಪತ್ರಗಳ ಪುಟವೇ ದಾರಿ ತೋರಿಸಿತು. ಶ್ವಾರ್ಟ್ಸ್ ತಮ್ಮ ಪುಸ್ತಕಗಳಲ್ಲಿ ಪತ್ರ ಬರೆದವರ ಪೂರ್ತಿ ವಿಳಾಸ ಅಚ್ಚು ಮಾಡಲು ಅದೇ ವರ್ಷ ಶುರು ಮಾಡಿದರು. ಯಾವ ಯಾವುದೋ ಊರಿನಲ್ಲಿ ಒಂಟಿಯಾಗಿ ಓದುತ್ತಿದ್ದವರು ಒಬ್ಬರಿಗೊಬ್ಬರು ಪರಿಚಯವಾದರು.

ಬೇಲ್ಸ್ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಪುಸ್ತಕ ಕೊಳ್ಳುವ, ಮಾರುವ ಜಾಹೀರಾತುಗಳಿಗೆ ಒಂದು ಪತ್ರಿಕೆ, ಮುಂದೆ ಬರಲಿರುವ ಕಾಮಿಕ್ಸ್‌ನ ಸುದ್ದಿಗೆ ಇನ್ನೊಂದು. 1964ರಲ್ಲಿ 'ಕಾಪಾ-ಆಲ್ಫಾ' ಎಂಬ ಕೂಟ ಕಟ್ಟಿದರು. ಪ್ರತಿ ಸದಸ್ಯರೂ ತಮ್ಮ ಪುಟಗಳನ್ನು ತಾವೇ ಅಚ್ಚು ಮಾಡಿ ಒಬ್ಬರಿಗೆ ಕಳಿಸುವುದು, ಅವರು ಎಲ್ಲವನ್ನೂ ಒಂದು ಕಟ್ಟು ಮಾಡಿ ಎಲ್ಲರಿಗೂ ಅಂಚೆಗೆ ಹಾಕುವುದು. ನಮ್ಮ ವಾಟ್ಸಾಪ್ ಗುಂಪಿನ ಕೆಲಸವನ್ನು ಆಗ ಪೋಸ್ಟ್‌ಮನ್ ಮಾಡುತ್ತಿದ್ದ.

ಬಿಲ್ ಫಿಂಗರ್ ಸಿಕ್ಕಿದ್ದು

1965ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನ ನಡೆಯಿತು. ಹಳೆಯ ಬರಹಗಾರರು ಕೆಲವರು ಬಂದಿದ್ದರು. ಅವರಲ್ಲಿ ಬಿಲ್ ಫಿಂಗರ್ ಕೂಡ ಒಬ್ಬರು. ಬೇಲ್ಸ್ ಅವರನ್ನು ಮಾತಾಡಿಸಿದರು.

ಫಿಂಗರ್ ಹೇಳಿದ್ದು ಇಷ್ಟು. 1939ರಲ್ಲಿ ಚಿತ್ರಕಾರ ಬಾಬ್ ಕೇನ್ ಒಬ್ಬ ವೀರನ ಚಿತ್ರ ಬರೆದು ತೋರಿಸಿದರು. ಕೆಂಪು ಬಟ್ಟೆ, ಕಣ್ಣಿಗೆ ಸಣ್ಣ ಮುಖವಾಡ, ಬೆನ್ನಿಗೆ ಗಟ್ಟಿ ರೆಕ್ಕೆಗಳು. ಬಟ್ಟೆಯ ಬಣ್ಣ ಕಡು ಬೂದು ಆಗಿರಲಿ, ತಲೆ ಮುಚ್ಚುವ ಚೂಪು ಕಿವಿಯ ಮುಸುಕಿರಲಿ, ರೆಕ್ಕೆಯ ಬದಲು ಬಾವಲಿಯಂಥ ನಿಲುವಂಗಿ ಇರಲಿ ಎಂದು ಸೂಚಿಸಿದ್ದು ಫಿಂಗರ್. ಮೊದಲ ಕಥೆಯನ್ನು ಬರೆದದ್ದೂ ಅವರೇ. ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರಿನ ಹೆಸರು ಅವರ ಕೊಡುಗೆ. ಆದರೆ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡವರು ಕೇನ್. ಹೆಸರೂ ಅವರದ್ದೇ ಆಯಿತು.

ಅದೇ ವರ್ಷ ಬೇಲ್ಸ್ ಈ ವಿಷಯವನ್ನು ಲೇಖನ ಮಾಡಿ ಕಾಪಾ-ಆಲ್ಫಾದ ಕಟ್ಟಿನಲ್ಲಿ ಕಳಿಸಿದರು. ಫಿಂಗರ್ ಅವರ ಪಾಲು ಏನೆಂದು ಬಿಡಿಸಿ ಬರೆದ ಮೊದಲ ಬರಹಗಳಲ್ಲಿ ಅದು ಒಂದು. ಓದಿದವರು ಬೆರಳೆಣಿಕೆಯ ಜನ. ಆದರೂ ಸುದ್ದಿ ಕೇನ್ ಅವರಿಗೆ ಮುಟ್ಟಿತು. ಅವರು ಸಿಟ್ಟಾಗಿ, ಬ್ಯಾಟ್‌ಮನ್ ತನ್ನೊಬ್ಬನದೇ ಸೃಷ್ಟಿ ಎಂದು 'ಬ್ಯಾಟ್‌ಮೇನಿಯಾ' ಎಂಬ ಇನ್ನೊಂದು ಅಭಿಮಾನಿ ಪತ್ರಿಕೆಗೆ ಉದ್ದನೆಯ ಪತ್ರ ಬರೆದರು. ಕೋಟ್ಯಂತರ ಜನ ಬಲ್ಲ ಪಾತ್ರವೊಂದರ ಹಕ್ಕಿನ ಮಾತು ಮನೆಯಲ್ಲಿ ಅಚ್ಚಾದ ಹಾಳೆಗಳ ಮೇಲೆ ನಡೆಯಿತು, ಏಕೆಂದರೆ ಆ ಪ್ರಶ್ನೆ ಕೇಳಬೇಕೆಂದು ದೊಡ್ಡ ಪತ್ರಿಕೆಗಳಿಗೆ ಅನ್ನಿಸಿರಲಿಲ್ಲ.

1966ರಲ್ಲಿ ಬ್ಯಾಟ್‌ಮನ್ ಟಿ.ವಿ. ಧಾರಾವಾಹಿ ಶುರುವಾಗಿ ಮನೆಮಾತಾಯಿತು. ಅದರ ಒಂದು ಕಥೆಯನ್ನು ಫಿಂಗರ್ ಗೆಳೆಯರೊಬ್ಬರ ಜೊತೆ ಬರೆದರು. ಆ ಕಥೆಗಷ್ಟೇ ಲೇಖಕರಾಗಿ ಅವರ ಹೆಸರು ಬಂತು, ಪಾತ್ರ ಹುಟ್ಟಿಸಿದವರೆಂದು ಬರಲಿಲ್ಲ. 1974ರ ಜನವರಿಯಲ್ಲಿ, 59ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ.

ಕಾಗದ ಉಳಿಯಿತು

ಬೇಲ್ಸ್ ಬರೆದಿಡುವ ಕೆಲಸ ಬಿಡಲಿಲ್ಲ. 1973ರಿಂದ 1976ರವರೆಗೆ, ಅಮೆರಿಕದ ಕಾಮಿಕ್ಸ್‌ನಲ್ಲಿ ಯಾರು ಏನು ಬರೆದರು, ಯಾರು ಯಾವ ಚಿತ್ರ ಬಿಡಿಸಿದರು ಎಂಬ ವಿವರಗಳ ನಾಲ್ಕು ಸಂಪುಟಗಳನ್ನು ಇನ್ನೊಬ್ಬರ ಜೊತೆ ಸೇರಿ ತಂದರು. ಪತ್ರ ಹಾಕಿದ ಹುಡುಗ ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಕಂಪನಿ ಸೇರಿ, 1972ರಲ್ಲಿ ಅಲ್ಲಿನ ಪ್ರಧಾನ ಸಂಪಾದಕರಾದರು. ಕಾಮಿಕ್ಸ್ ವಿರುದ್ಧ ಬರೆದಿದ್ದ ಡಾಕ್ಟರ್ ವರ್ತಮ್ ಅವರೇ 1973ರಲ್ಲಿ ಫ್ಯಾನ್‌ಜಿನ್‌ಗಳ ಬಗ್ಗೆ ಪುಸ್ತಕ ಬರೆದು ಅವನ್ನು ಮೆಚ್ಚಿಕೊಂಡರು.

ಕೇನ್ 1989ರ ತಮ್ಮ ಆತ್ಮಕಥೆಯಲ್ಲಿ ಫಿಂಗರ್ ಅವರ ಪಾಲನ್ನು ಒಪ್ಪಿಕೊಂಡರು. ಆದರೆ ಪುಸ್ತಕದ ಮೇಲೆ, ತೆರೆಯ ಮೇಲೆ ಹೆಸರು ಬದಲಾಗಲಿಲ್ಲ. ಮುಂದೆ ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕರು ಈ ಹಳೆಯ ದಾಖಲೆಗಳ ಜಾಡು ಹಿಡಿದು ಹೊರಟರು. ಫಿಂಗರ್ ಅವರ ಮೊಮ್ಮಗಳನ್ನು ಪತ್ತೆ ಮಾಡಿದರು, 2012ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕ ತಂದರು. ಕುಟುಂಬದವರು ಕಂಪನಿಯೊಂದಿಗೆ ಮಾತಿಗೆ ಕೂತರು. 2015ರ ಸೆಪ್ಟೆಂಬರ್‌ನಲ್ಲಿ ಡಿ.ಸಿ. ಒಪ್ಪಿತು. ಅಂದಿನಿಂದ ಬ್ಯಾಟ್‌ಮನ್ ಕಥೆಗಳಲ್ಲಿ, ಸಿನಿಮಾಗಳಲ್ಲಿ ಬಾಬ್ ಕೇನ್ ಹೆಸರಿನ ಜೊತೆ ಬಿಲ್ ಫಿಂಗರ್ ಹೆಸರೂ ಬರುತ್ತಿದೆ.

ಜೆರ್ರಿ ಬೇಲ್ಸ್ ಅದನ್ನು ನೋಡಲಿಲ್ಲ. 2006ರ ನವೆಂಬರ್‌ನಲ್ಲೇ ಅವರು ತೀರಿಹೋಗಿದ್ದರು. ಅವರು ಲೇಖನ ಬರೆದಾಗಿನಿಂದ ಫಿಂಗರ್ ಹೆಸರು ತೆರೆಯ ಮೇಲೆ ಬರುವವರೆಗೆ 50 ವರ್ಷ ಹಿಡಿಯಿತು. ಮುಂದಿನ ಸಲ ಮೊಬೈಲಿನಲ್ಲಿ ಬ್ಯಾಟ್‌ಮನ್ ಸಿನಿಮಾ ಹಾಕಿದಾಗ, ಹೆಸರುಗಳು ಬರುವಾಗ ಮುಂದಕ್ಕೆ ಓಡಿಸಬೇಡಿ. ಎರಡನೇ ಹೆಸರು ಅಲ್ಲಿದೆ, ನೋಡಿ.