ಕಾಡು ಈರುಳ್ಳಿ

ಕಾಡು ಈರುಳ್ಳಿಯು (ಡ್ರಿಮಿಯಾ ಇಂಡಿಕಾ) ಆಸ್ಪರಾಗೇಸೀ ಕುಟುಂಬಕ್ಕೆ ಸೇರಿದ, ಗೆಡ್ಡೆಯಿಂದ ಬೆಳೆಯುವ ಬಹುವಾರ್ಷಿಕ ಕಾಡುಸಸ್ಯ. ಇದನ್ನು ಅಡವಿ ಈರುಳ್ಳಿ ಎಂದೂ ಕರೆಯುವುದುಂಟು. ಹೆಸರಿನಲ್ಲಿ ಈರುಳ್ಳಿ ಇದ್ದರೂ ಇದು ಈರುಳ್ಳಿಯ ಜಾತಿಗೆ ಸೇರಿದ್ದಲ್ಲ, ಆಹಾರಯೋಗ್ಯವೂ ಅಲ್ಲ.

ಆವಾಸ

ಭಾರತದ ಒಣ ಪ್ರದೇಶಗಳಲ್ಲಿ ವ್ಯಾಪಕವಾಗಿ ಬೆಳೆಯುತ್ತದೆ. ಕರ್ನಾಟಕದಲ್ಲಿ ಬಯಲುಸೀಮೆಯ ಕುರುಚಲು ಕಾಡು, ಕಲ್ಲುಗುಡ್ಡದ ಇಳಿಜಾರು, ಬೀಳುಭೂಮಿಗಳು ಇದರ ನೆಲೆ. ಅಮ್ಮಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ನೆಲವಿರುವುದು ತೆಂಗಿನ ತೋಟಗಳ ಆಚೆಗಿನ ಗೋಮಾಳ, ಗುಡ್ಡಗಳಲ್ಲಿ.

ಲಕ್ಷಣಗಳು

ಬಿಳಿಚಾದ ಗೆಡ್ಡೆಯು ಈರುಳ್ಳಿಯಂತೆಯೇ ಪದರ ಪದರವಾಗಿರುತ್ತದೆ. ಹೂವು ಮೊದಲು, ಎಲೆ ಅನಂತರ ಬರುವುದು ಈ ಸಸ್ಯದ ವಿಶೇಷ. ಮಾರ್ಚ್‌ನಿಂದ ಮೇ ಅವಧಿಯಲ್ಲಿ, ನೆಲವಿನ್ನೂ ಬರಡಾಗಿರುವಾಗಲೇ, ಎಲೆಯಿಲ್ಲದ ಒಂಟಿ ಹೂದಂಟು ನೆಟ್ಟಗೆ ಮೇಲೇಳುತ್ತದೆ. ಅದರಲ್ಲಿ ಕಂದು ಅಥವಾ ಹಸಿರು ಛಾಯೆಯ ಮಂಕು ಬಿಳುಪಿನ, ಆರು ದಳಗಳ ಹೂಗಳು ವಿರಳವಾಗಿ ಜೋತುಬಿದ್ದಿರುತ್ತವೆ. ಅವು ಸಂಜೆಯ ನಂತರ ಅರಳುವುದರಿಂದ ಹಗಲಿನಲ್ಲಿ ಹೋಗುವವರ ಗಮನಕ್ಕೆ ಬರುವುದು ಕಡಿಮೆ. ಮಳೆ ಬಿದ್ದ ಮೇಲೆ ಉದ್ದನೆಯ, ಕಿರಿದಾದ ಎಲೆಗಳು ಬರುತ್ತವೆ. ಕಾಯಿ ಒಡೆದಾಗ ಹೊರಬರುವ ಕಪ್ಪು, ಚಪ್ಪಟೆ ಬೀಜಗಳು ಗಾಳಿಯಲ್ಲಿ ಹರಡುತ್ತವೆ.

ಹೆಸರು

ಡ್ರಿಮಿಯಾ ಎಂಬುದು ತೀಕ್ಷ್ಣ, ಖಾರ ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಸಿಲ್ಲಾ ಇಂಡಿಕಾ ಎಂದು ಹೆಸರಿಸಿದ್ದನು. 1843ರಲ್ಲಿ ಕುಂತ್ ಎಂಬ ಸಸ್ಯವಿಜ್ಞಾನಿ ಅರ್ಜಿನಿಯಾ ಜಾತಿಗೂ 1977ರಲ್ಲಿ ಜೆಸಪ್ ಡ್ರಿಮಿಯಾ ಜಾತಿಗೂ ಸೇರಿಸಿದರು. ಹಳೆಯ ಗ್ರಂಥಗಳಲ್ಲಿ ಅರ್ಜಿನಿಯಾ ಇಂಡಿಕಾ ಎಂದೂ, ಲಿಲಿಯೇಸೀ ಕುಟುಂಬವೆಂದೂ ಇರುವುದನ್ನು ವಿದ್ಯಾರ್ಥಿಗಳು ಬೇರೊಂದು ಸಸ್ಯವೆಂದು ಭಾವಿಸಬಾರದು.

ವಿಷಗುಣ ಮತ್ತು ಔಷಧೀಯ ಬಳಕೆ

ಅಗೆದು ತೆಗೆದ ಗೆಡ್ಡೆಯನ್ನು ನೋಟದಿಂದ ಈರುಳ್ಳಿಯೆಂದು ತಪ್ಪು ತಿಳಿಯುವ ಸಂಭವವಿದೆ. ಆದರೆ ಹೆಚ್ಚಿದಾಗ ಈರುಳ್ಳಿಯ ಘಾಟು ವಾಸನೆ ಬರುವುದಿಲ್ಲ. ಗುರುತಿಸಲು ಇದೊಂದು ಸುಲಭ ಲಕ್ಷಣ. ರಸದಲ್ಲಿರುವ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಚರ್ಮಕ್ಕೆ ತುರಿಕೆ, ಉರಿ ಉಂಟಾಗುತ್ತದೆ. ಇನ್ನೂ ಅಪಾಯಕಾರಿಯಾದುದು ಗೆಡ್ಡೆಯಲ್ಲಿರುವ ಸಿಲ್ಲಾರೆನ್ ಮುಂತಾದ ಗ್ಲೈಕೋಸೈಡುಗಳು. ಇವು ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಸಾಗಣೆಯನ್ನು ತಡೆಯುತ್ತವೆ. ಸೇವಿಸಿದರೆ ವಾಂತಿ, ಭೇದಿಯೊಡನೆ ಹೃದಯಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗಬಹುದು. ತಿಂದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗೆಡ್ಡೆಯ ಉಳಿದ ತುಂಡನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಗುರುತಿಸಲು ನೆರವಾಗುತ್ತದೆ.

ಆಯುರ್ವೇದದಲ್ಲಿ ಇದನ್ನು ವನಪಲಾಂಡು ಎನ್ನುತ್ತಾರೆ. ಕಫ ಸಡಿಲಿಸಲು ಯುರೋಪಿನಲ್ಲಿ ಬಳಕೆಯಲ್ಲಿದ್ದ ಮೆಡಿಟರೇನಿಯನ್ ತೀರದ ಡ್ರಿಮಿಯಾ ಮ್ಯಾರಿಟಿಮಾಕ್ಕೆ ಬದಲಿಯಾಗಿ ಭಾರತದಲ್ಲಿ ಈ ಗೆಡ್ಡೆಯನ್ನು ಬಳಸಲಾಗುತ್ತಿತ್ತು. ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಅತ್ಯಲ್ಪವಾದುದರಿಂದ ಮನೆಮದ್ದಾಗಿ ಇದನ್ನು ಬಳಸುವುದು ಸಲ್ಲದು. ಮೆಡಿಟರೇನಿಯನ್ ಪ್ರಭೇದದ ಕೆಂಪು ಗೆಡ್ಡೆಯಿಂದ ಇಲಿಪಾಷಾಣವನ್ನೇ ತಯಾರಿಸುತ್ತಿದ್ದರು.